ಮಗುವಿಗೆ ಶಾಲೆಯಲ್ಲಿ ಕಾಟ: ಮುಂಬಯಿಯ ಕನ್ನಡ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ. ಊರು ಕುಂದಾಪುರ ಕಡೆ. ನನ್ನ ಮಗ ಐದನೇ ಕ್ಲಾಸಿನಲ್ಲಿದ್ದಾಗ ಅಷ್ಟಮಿಯಿಂದ ಕ್ರಿಸ್ಮಸ್ ರಜೆಯವರೆಗೆ ಶಾಲೆಯಲ್ಲಿ ಕಾಟ ಅನುಭವಿಸಿದ. ಅದರಲ್ಲಿ ಎರಡು ತಿಂಗಳು ನಮಗೆ ಏನೂ ಗೊತ್ತಿರಲಿಲ್ಲ. ಗೊತ್ತಾದ ದಿನ ನಾನು ಆಡಿದ ಮೊದಲ ಮಾತೇ ತಪ್ಪಾಯಿತು. ಆಮೇಲೆ ಟ್ರೈನಿನಲ್ಲಿ, ಸಂಘದ ಕಾರ್ಯಕ್ರಮಗಳಲ್ಲಿ, ಬಿಲ್ಡಿಂಗ್ ಕೆಳಗೆ ನಿಂತು ಎಷ್ಟೋ ಜನ ಇವೇ ಪ್ರಶ್ನೆಗಳನ್ನು ಕೇಳಿದ್ದಾರೆ. ಅವಕ್ಕೆ ನನಗೆ ತಿಳಿದ ಉತ್ತರಗಳು ಇಲ್ಲಿವೆ.

ಮಕ್ಕಳು ಅಂದಮೇಲೆ ಕೀಟಲೆ ಇದ್ದದ್ದೇ ಅಲ್ವಾ? ಇಷ್ಟು ದೊಡ್ಡದು ಮಾಡ್ಬೇಕಾ?

ಕೀಟಲೆ ಬೇರೆ, ಕಾಟ ಬೇರೆ. ಕೀಟಲೆಯಲ್ಲಿ ಇಬ್ಬರೂ ನಗುತ್ತಾರೆ. ಇವತ್ತು ಇವನು ಅವನನ್ನು ರೇಗಿಸಿದರೆ ನಾಳೆ ಅವನು ಇವನನ್ನು ರೇಗಿಸುತ್ತಾನೆ, ಒಬ್ಬ ಅತ್ತರೆ ಇನ್ನೊಬ್ಬ ನಿಲ್ಲಿಸುತ್ತಾನೆ. ಕಾಟದಲ್ಲಿ ಅತ್ತಷ್ಟೂ ಜಾಸ್ತಿಯಾಗುತ್ತದೆ. ನಮ್ಮಲ್ಲಿ ಗೋಳು ಹೊಯ್ದುಕೊಳ್ಳುವುದು ಅನ್ನುತ್ತಾರಲ್ಲ, ಅದೇ.

ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಲು ಶುರು ಮಾಡಿದರು. ಅವರು ಹೇಳಿದ ಮೂರು ಗುರುತುಗಳನ್ನು ಈಗಲೂ ಎಲ್ಲ ಕಡೆ ಬಳಸುತ್ತಾರೆ. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ಇಬ್ಬರ ಬಲ ಸಮ ಇಲ್ಲದಿರುವುದು. ಬಲ ಅಂದರೆ ಮೈಬಲ ಮಾತ್ರ ಅಲ್ಲ. ಐದು ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ ಇದ್ದರೂ ಅದೇ. ಕ್ಲಾಸಿನಲ್ಲಿ ಎಲ್ಲರೂ ಮರಾಠಿ, ಹಿಂದಿ ಸರಾಗವಾಗಿ ಮಾತಾಡುವಾಗ ಒಬ್ಬಳಿಗೆ ಮಾತ್ರ ತೊಡರಿದರೂ ಅದೇ.

ಹೊಡೆಯುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ನಡೆಯುವ ಕಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಊರಲ್ಲಿ ನಾವು ಟೂ ಬಿಡೋದು ಅಂತಿದ್ದೆವು, ಇಲ್ಲಿ ಕಟ್ಟಿ. ಇಬ್ಬರು ಒಂದು ದಿನ ಕಟ್ಟಿ ಮಾಡಿ ಮರುದಿನ ಸೇರಿದರೆ ಅದು ಆಟ. ಇಡೀ ಬೆಂಚು ಸೇರಿ ತಿಂಗಳುಗಟ್ಟಲೆ ಒಬ್ಬಳ ಜೊತೆ ಕಟ್ಟಿ ಮಾಡಿದರೆ ಅದು ಹೊಡೆತಕ್ಕಿಂತ ಕಡಿಮೆಯಲ್ಲ.

ಜಗತ್ತಿನಲ್ಲಿ ಹೆಚ್ಚುಕಡಿಮೆ ಮೂರು ಮಕ್ಕಳಲ್ಲಿ ಒಬ್ಬರು ಒಂದು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ಸಹಪಾಠಿಗಳಿಂದ ಇಂಥ ಕಾಟ ಅನುಭವಿಸಿದ್ದಾರೆ ಎಂದು ಯುನೆಸ್ಕೋ 2019ರಲ್ಲಿ ಹೇಳಿದೆ. ಅಂದರೆ ನಿಮ್ಮ ಮಗುವಿಗೆ ಹೀಗಾದರೆ ಅದು ನಿಮ್ಮ ಮಗುವಿನ ಕುಂದಲ್ಲ, ನಿಮ್ಮದೂ ಅಲ್ಲ.

ಮಗು ಏನೂ ಹೇಳೋದಿಲ್ಲ. ಗೊತ್ತಾಗೋದು ಹೇಗೆ?

ನಮ್ಮ ಮನೆಯಲ್ಲಿ ಮೊದಲು ಕಂಡದ್ದು ಬಾತ್‌ರೂಮ್. ಮಗ ಶಾಲೆಯಿಂದ ಬಂದವನೇ ಬೂಟನ್ನೂ ಬಿಚ್ಚದೆ ಒಳಗೆ ಓಡುತ್ತಿದ್ದ. ದಿನಾ. ನಾನು, ಹುಡುಗರು ಆಟದಲ್ಲಿ ಮರೆತುಬಿಡುತ್ತಾರೆ ಅಂದುಕೊಂಡೆ. ಬೆಳಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಅವನು ಮೂತ್ರ ಕಟ್ಟಿಕೊಂಡು ಕೂರುತ್ತಿದ್ದ, ಯಾಕೆಂದರೆ ಆ ಹುಡುಗರು ಶಾಲೆಯ ಟಾಯ್ಲೆಟ್ಟಿನ ಹತ್ತಿರ ನಿಲ್ಲುತ್ತಿದ್ದರು. ನೀರಿನ ಬಾಟಲಿಯೂ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಎರಡನ್ನೂ ಕೂಡಿಸಿ ನೋಡಬೇಕು ಅಂತ ನನಗೆ ಹೊಳೆಯಲಿಲ್ಲ.

ಡಬ್ಬಾ ಮುಟ್ಟದೆ ಬರುವುದು, ಭಾನುವಾರ ಸಂಜೆ ಹೊಟ್ಟೆನೋವು ಬಂದು ಸೋಮವಾರ ರಜೆ ಸಿಕ್ಕಿದ ಕೂಡಲೇ ಹೋಗುವುದು, ಪೆನ್ಸಿಲ್ ಬಾಕ್ಸ್ ಪದೇ ಪದೇ ಕಳೆಯುವುದು, ಸ್ಕೂಲ್ ವ್ಯಾನ್ ಬೇಡ ನೀನೇ ಬಿಡು ಅಂತ ಹಟ ಮಾಡುವುದು, ಅಂಗಿಯ ಗುಂಡಿ ಕಿತ್ತಿರುವುದು, ತಮ್ಮ ತಂಗಿಯರ ಮೇಲೆ ಸುಮ್ನೆ ರೇಗುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುವುದು. ಇವುಗಳಲ್ಲಿ ಒಂದು ಕಂಡ ಕೂಡಲೇ ಗಾಬರಿಯಾಗಬೇಡಿ. ಎರಡು ಮೂರು ಒಟ್ಟಿಗೆ ಕಂಡು ಎರಡು ವಾರ ಮುಂದುವರಿದರೆ ಮಗುವಿನ ಜೊತೆ ಕೂತು ಮಾತಾಡಿ.

ನೇರವಾಗಿ "ಯಾರಾದ್ರೂ ಕಾಟ ಕೊಡ್ತಾರಾ?" ಅಂದರೆ "ಇಲ್ಲ" ಅಂತಲೇ ಉತ್ತರ ಬರುತ್ತದೆ. "ಇವತ್ತು ಡಬ್ಬಾ ತಿನ್ನುವಾಗ ಪಕ್ಕದಲ್ಲಿ ಯಾರು ಕೂತಿದ್ರು?", "ವ್ಯಾನಿನಲ್ಲಿ ನಿನ್ನ ಸೀಟು ಯಾವುದು?" ಅಂತ ಕೇಳಿ. ಎದುರೆದುರು ಕೂರಿಸಿಕೊಂಡು ಕೇಳಬೇಡಿ. ಬಟಾಣಿ ಸುಲಿಯುವಾಗಲೋ ಬೈಕಿನಲ್ಲಿ ಹೋಗುವಾಗಲೋ ಕೇಳಿದರೆ ಮಕ್ಕಳಿಗೆ ಮಾತಾಡುವುದು ಸುಲಭ.

ನನ್ನ ಹತ್ರ ಯಾಕೆ ಹೇಳಲಿಲ್ಲ? ನಾನು ಬೈತೀನಾ?

ಬಹಳ ಅಮ್ಮಂದಿರು ಇದನ್ನು ಅಳುತ್ತಾ ಕೇಳುತ್ತಾರೆ. ಬೈಯುತ್ತೀರಿ ಅಂತ ಮಾತ್ರ ಅಲ್ಲ. ಅಪ್ಪ ಶಾಲೆಗೆ ಬಂದು ಕೂಗಾಡಿದರೆ ನಾಳೆ ಕಾಟ ದುಪ್ಪಟ್ಟಾಗುತ್ತದೆ ಅನ್ನುವ ಹೆದರಿಕೆ ಇರುತ್ತದೆ. ಚಾಡಿಕೋರ ಅನ್ನಿಸಿಕೊಳ್ಳುವ ನಾಚಿಕೆ ಇರುತ್ತದೆ. ಇನ್ನೊಂದು ಕಾರಣ ನನಗೆ ತಡವಾಗಿ ತಿಳಿಯಿತು. ಅಪ್ಪ ಬೆಳಗ್ಗೆ ಆರೂವರೆಯ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಬರುವುದನ್ನು ಮಕ್ಕಳು ನೋಡುತ್ತಿರುತ್ತಾರೆ. ಇವರಿಗೆ ಇನ್ನೂ ತೊಂದರೆ ಯಾಕೆ ಅಂತ ಸುಮ್ಮನಿರುತ್ತಾರೆ. ನನ್ನ ಮಗ ಹೀಗೇ ಅಂದ: "ಪಪ್ಪ ಸುಸ್ತಾಗಿರ್ತಾರಲ್ಲ ಅಮ್ಮ."

ಮಗು ಬಾಯಿ ಬಿಟ್ಟಿದೆ. ಈಗ ಮೊದಲು ಏನು ಮಾಡ್ಲಿ?

ನನ್ನ ಮಟ್ಟಿಗೆ ಈ ಪುಟದಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ನಮ್ಮಲ್ಲಿ ಶುರುವಾದದ್ದು ಕೊಟ್ಟೆ ಕಡುಬಿನಿಂದ. ಅಷ್ಟಮಿಗೆ ಮಾಟುಂಗಾದಿಂದ ಹಲಸಿನ ಎಲೆ ತಂದು ಕಡುಬು ಮಾಡಿದ್ದೆ. ಎಲೆ ಬಿಡಿಸಿಕೊಂಡು ತಿನ್ನುವುದು ಮಗನಿಗೆ ಖುಷಿ. ಅದಕ್ಕೇ ಮರುದಿನ ಎರಡು ಕಡುಬನ್ನು ಎಲೆ ಸಮೇತ ಡಬ್ಬಾಕ್ಕೆ ಹಾಕಿದೆ. ಕ್ಲಾಸಿನಲ್ಲಿ ಯಾರೋ "ಇವ್ನು ಎಲೆ ತಿಂತಾನೆ, ಬಕ್ರಿ" ಅಂದರು. ಅವತ್ತಿನಿಂದ ಅವನ ಹೆಸರು ಬಕ್ರಿ, ಅಂದರೆ ಆಡು. ಕ್ಲಾಸಿನೊಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಮೇ ಮೇ ಅಂತ ಕೂಗು. ಟಾಯ್ಲೆಟ್ಟಿನಲ್ಲಿ ಅಡ್ಡಗಟ್ಟಿ, ಮೇ ಅಂದರೆ ಮಾತ್ರ ಒಳಗೆ ಬಿಡುತ್ತೇವೆ ಅನ್ನುವುದು. ಬ್ಯಾಗಿಗೆ ಹುಲ್ಲು ತುರುಕುವುದು. ಬ್ಯಾಗಿನ ತಳದಲ್ಲಿ ಒಣಗಿದ ಹುಲ್ಲು ಸಿಕ್ಕಿದ್ದರಿಂದಲೇ ನಾನು ಕೇಳಿದ್ದು. ಅವನು ಅರ್ಧ ಹೇಳುವಷ್ಟರಲ್ಲಿ ನನ್ನ ಬಾಯಿಂದ ಬಂದ ಮಾತು, "ನೀನೇನು ಮಾಡಿದ್ದೆ ಅವ್ರಿಗೆ?"

ಅವನು ಮಾತು ನಿಲ್ಲಿಸಿದ. ಉಳಿದ ಅರ್ಧ ಹೇಳಲು ಮೂರು ವಾರ ಬೇಕಾಯಿತು.

ಆದ್ದರಿಂದ ಮೊದಲು ಪೂರ್ತಿ ಕೇಳಿ. ನಡುವೆ ಪ್ರಶ್ನೆ ಬೇಡ, ಬುದ್ಧಿಮಾತು ಬೇಡ, ಆ ಹುಡುಗನಿಗೆ ಬೈಗುಳವೂ ಬೇಡ. ನೀವು ಕೋಪದಿಂದ ನಡುಗುತ್ತಿದ್ದರೆ ಮಗು ನಿಮ್ಮನ್ನು ಸಮಾಧಾನ ಮಾಡಲು ನಿಲ್ಲುತ್ತದೆ. ಕೇಳಿದ ಮೇಲೆ ಮೂರು ಮಾತು ಸಾಕು. "ಹೇಳಿದ್ದು ಒಳ್ಳೇದಾಯ್ತು." "ಇದು ನಿನ್ನ ತಪ್ಪಲ್ಲ." "ಏನು ಮಾಡೋದು ಅಂತ ಇಬ್ರೂ ಸೇರಿ ಯೋಚಿಸೋಣ." ಆ ಮೂರನೆಯದು ಬಾಯಿಮಾತಾಗಬಾರದು. ಟೀಚರ್ ಹತ್ತಿರ ಹೋಗುವ ಮೊದಲು ಮಗುವಿಗೆ ತಿಳಿಸಿ. ಏನು ಹೇಳುತ್ತೀರಿ, ಯಾವಾಗ ಹೋಗುತ್ತೀರಿ, ಅವನು ಜೊತೆಗಿರಬೇಕೋ ಬೇಡವೋ ಅಂತ ಕೇಳಿ. "ಯಾರಿಗೂ ಹೇಳ್ಬೇಡ" ಅಂತ ಮಾತು ತೆಗೆದುಕೊಳ್ಳಲು ನೋಡಿದರೆ ಸುಳ್ಳು ಮಾತು ಕೊಡಬೇಡಿ. "ನಿಂಗೆ ಹೇಳದೆ ಏನೂ ಮಾಡೋದಿಲ್ಲ" ಅನ್ನಿ, ಅಷ್ಟನ್ನು ನಡೆಸಿಕೊಡಿ.

ಅವರಪ್ಪ "ನೀನೂ ಎರಡು ಬಾರಿಸು" ಅಂತಾರೆ. ಸರಿನಾ?

ಬೇಡ. ಬಾರಿಸುವ ಬಲ ಇದ್ದಿದ್ದರೆ ಅವನು ಆಗಲೇ ಬಾರಿಸಿರುತ್ತಿದ್ದ. ಬಾರಿಸಿದರೂ ಪ್ರಿನ್ಸಿಪಾಲರ ಎದುರು ಇಬ್ಬರೂ ಜಗಳಗಂಟರಾಗಿ ನಿಲ್ಲುತ್ತಾರೆ, ಹಿಂದಿನ ಎರಡು ತಿಂಗಳ ಕಥೆ ಯಾರಿಗೂ ಬೇಡವಾಗುತ್ತದೆ. ಬಾರಿಸಲಾಗದ ಮಗುವಿಗಂತೂ ತಾನು ಅಪ್ಪನ ಕಣ್ಣಲ್ಲೂ ಸೋತೆ ಅನ್ನಿಸುತ್ತದೆ.

"ಸುಮ್ನಿರು, ತಾನಾಗಿ ನಿಲ್ಲುತ್ತೆ" ಅನ್ನುವುದೂ ಸಾಲದು. ಒಂದು ಗಟ್ಟಿ ಮಾತು ಕಲಿಸಿ. ನಾವು "ಬಸ್ ಕರ್, ಮುಝೆ ಪಸಂದ್ ನಹೀ" (ಸಾಕು ಮಾಡು, ನನಗಿದು ಇಷ್ಟ ಇಲ್ಲ) ಅನ್ನುವುದನ್ನು ಕನ್ನಡಿ ಮುಂದೆ ಇಪ್ಪತ್ತು ಸಲ ಹೇಳಿಸಿದೆವು. ಕಣ್ಣು ನೋಡಿ, ಬೆನ್ನು ನೆಟ್ಟಗೆ ಮಾಡಿ, ಹೇಳಿ, ಅಲ್ಲಿಂದ ನಡೆದುಬಿಡುವುದು. ದೊಡ್ಡವರು ಇರುವ ಕಡೆ ನಡೆಯುವುದು. ಇದರಿಂದ ಕಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಮಗನ ನಡಿಗೆ ಬದಲಾಯಿತು.

ನಮ್ಮ ಭಾಷೆ, ಊಟ ಹಿಡಿದು ಚಿಡಾಯಿಸುತ್ತಾರೆ. ಮನೆಯಲ್ಲಿ ಕನ್ನಡ ಕಡಿಮೆ ಮಾಡ್ಬೇಕಾ?

ಖಂಡಿತ ಬೇಡ.

ಯಂಡುಗುಂಡು, ಮದ್ರಾಸಿ, ಇಡ್ಲಿ-ಸಾಂಬಾರ್, ಲುಂಗಿ. ಈ ಊರಿಗೆ ಬಂದ ಎಲ್ಲರೂ ಇವನ್ನು ಒಮ್ಮೆಯಾದರೂ ಕೇಳಿದ್ದೇವೆ. ಗೋವಾದಲ್ಲಿರುವ ನಮ್ಮ ಉತ್ತರ ಕರ್ನಾಟಕದವರ ಮಕ್ಕಳು ಘಾಟಿ, ಅಂದರೆ ಘಟ್ಟದ ಆಚೆಯವರು, ಅನ್ನಿಸಿಕೊಳ್ಳುತ್ತಾರೆ. ದೊಡ್ಡವರು ನಾವು ನಕ್ಕು ಮುಂದೆ ಹೋಗುತ್ತೇವೆ. ಹತ್ತು ವರ್ಷದ ಮಗು ಹಾಗೆ ಹೋಗಲಾರದು. ಒಂದು ದಿನ ನನ್ನ ಮಗ ಹೇಳಿದ, "ಅಮ್ಮ, ಗೇಟ್ ಹತ್ರ ನನ್ನನ್ನ ಕನ್ನಡದಲ್ಲಿ ಕರೀಬೇಡ." ಆ ಮಾತು ನನಗೆ ಮೇ ಮೇ ಅಂದದ್ದಕ್ಕಿಂತ ಜಾಸ್ತಿ ನೋಯಿಸಿತು.

ಅವನು ಕೇಳಿದ ಹಾಗೆ ಗೇಟಿನಲ್ಲಿ ಕೆಲವು ದಿನ ಬರೀ ಕೈ ಬೀಸಿದೆ. ಅದು ಅವನ ಜಾಗ, ಅಲ್ಲಿ ಅವನಿಗೆ ಏನು ಬೇಕೋ ಅದು. ಮನೆಯೊಳಗೆ ಮಾತ್ರ ಒಂದಕ್ಷರವೂ ಬದಲಾಯಿಸಲಿಲ್ಲ. ಅಜ್ಜಿಗೆ ಫೋನು, ರಾತ್ರಿ ಕಥೆ ಎಲ್ಲವೂ ಕನ್ನಡದಲ್ಲೇ. ಮನೆಮಾತನ್ನು ನಿಲ್ಲಿಸಿದರೆ ಆ ಹುಡುಗರು ಹೇಳಿದ್ದೇ ಸರಿ ಅಂತ ನಾವೇ ಒಪ್ಪಿದಂತಾಗುತ್ತದೆ, ಅಲ್ವಾ? ಜೊತೆಗೆ ಮರಾಠಿ ಚೆನ್ನಾಗಿ ಬರುವ ಹಾಗೆ ನೋಡಿಕೊಳ್ಳಿ. ಇರುವ ಊರಿನ ಮಾತು ಗಟ್ಟಿಯಾದರೆ ಮಗುವಿಗೆ ತಿರುಗಿ ಮಾತಾಡುವ ಧೈರ್ಯ ಬರುತ್ತದೆ. ತಿಂಗಳಿಗೊಮ್ಮೆಯಾದರೂ ಕನ್ನಡದ ಮಕ್ಕಳು ಸೇರುವ ಕಡೆ ಕರೆದುಕೊಂಡು ಹೋಗಿ. ಸಂಘದ ಯಕ್ಷಗಾನ ಇರಬಹುದು, ಭಜನೆ ಇರಬಹುದು. ಅಲ್ಲಿ ಅವನ ಹೆಸರು ಬಕ್ರಿ ಅಲ್ಲ.

ಶಾಲೆಯಲ್ಲಿ ಹೇಗೆ ಮಾತಾಡೋದು? ನನಗೆ ಇಂಗ್ಲಿಷ್ ಅಷ್ಟು ಬರೋದಿಲ್ಲ.

ಇಂಗ್ಲಿಷ್ ಬೇಕಿಲ್ಲ. ಮರಾಠಿಯಲ್ಲೋ ಹಿಂದಿಯಲ್ಲೋ ಮಾತಾಡಿ. ಪತ್ರ ಮಾತ್ರ ಯಾರಿಂದಲಾದರೂ ಸರಿಯಾಗಿ ಬರೆಸಿಕೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಹೋಗುವ ಮೊದಲು ಒಂದು ನೋಟ್‌ಬುಕ್ ಮಾಡಿ. ತಾರೀಕು, ಹೊತ್ತು, ಜಾಗ, ಏನಾಯಿತು, ಯಾರು ನೋಡಿದರು. "ಯಾವಾಗ್ಲೂ ಚಿಡಾಯಿಸ್ತಾರೆ" ಅಂದರೆ ಟೀಚರ್ ತಲೆಯಾಡಿಸಿ ಕಳಿಸುತ್ತಾರೆ. "ಬುಧವಾರ ಸಣ್ಣ ರಿಸೆಸ್‌ನಲ್ಲಿ, ಎರಡನೇ ಮಹಡಿಯ ಟಾಯ್ಲೆಟ್ ಹತ್ತಿರ, ಮೂವರು ಅಡ್ಡಗಟ್ಟಿದರು, ಮಗ ಎರಡು ತಿಂಗಳಿಂದ ಶಾಲೆಯಲ್ಲಿ ಮೂತ್ರಕ್ಕೆ ಹೋಗಿಲ್ಲ" ಅಂದರೆ ಅವರು ಪೆನ್ನು ತೆಗೆದುಕೊಳ್ಳುತ್ತಾರೆ. ಹರಿದ ಪುಸ್ತಕ, ಗಾಯ ಇದ್ದರೆ ಫೋಟೋ ಇಟ್ಟುಕೊಳ್ಳಿ.

ಮೊದಲು ಕ್ಲಾಸ್ ಟೀಚರ್. ಅಪ್ಪ-ಅಮ್ಮಂದಿರೆಲ್ಲ ಬರುವ ಓಪನ್ ಹೌಸ್ ದಿನ ಬೇಡ, ಹಿಂದೆ ನಲವತ್ತು ಜನ ಸಾಲು ನಿಂತಿರುತ್ತಾರೆ. ಬೇರೆ ದಿನ ಸಮಯ ಕೇಳಿ. "ಆ ಹುಡುಗನನ್ನು ಶಾಲೆಯಿಂದ ತೆಗೆಯಿರಿ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ. ನಾವು ಕೇಳಿದ್ದು ಇಷ್ಟು: ರಿಸೆಸ್‌ನಲ್ಲಿ ಆ ಮಹಡಿಯಲ್ಲಿ ಒಬ್ಬರು ನಿಲ್ಲಬೇಕು, ಮಗನ ಸೀಟು ಬದಲಾಗಬೇಕು, ಇಬ್ಬರನ್ನೂ ಎದುರು ನಿಲ್ಲಿಸಿ "ಸಾರಿ ಹೇಳು, ಕೈ ಕುಲುಕು" ಅನ್ನಬಾರದು. ಈ ಕೊನೆಯದನ್ನು ಬಹಳ ಟೀಚರುಗಳು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಕಾಟ ಕೊಟ್ಟವನ ಎದುರು ನಿಂತ ಮಗು ಹೆದರಿ ಎಲ್ಲದಕ್ಕೂ ಹೂಂ ಅನ್ನುತ್ತದೆ, ಸಮಸ್ಯೆ ಮುಗಿಯಿತು ಅಂತ ಎಲ್ಲರೂ ಎದ್ದು ಹೋಗುತ್ತಾರೆ.

ಹತ್ತು ದಿನದಲ್ಲಿ ಏನೂ ಆಗದಿದ್ದರೆ ಪ್ರಿನ್ಸಿಪಾಲರಿಗೆ ಪತ್ರ ಕೊಡಿ, ಪ್ರತಿಯ ಮೇಲೆ ಶಾಲೆಯ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಸಿಬಿಎಸ್‌ಇ ಶಾಲೆಯಾದರೆ, ಇಂಥ ಕಾಟ ತಡೆಯಲು ಸಮಿತಿ ಮಾಡಿ ಅಂತ ಮಂಡಳಿ 2015ರಲ್ಲೇ ಶಾಲೆಗಳಿಗೆ ಸೂಚನೆ ಕಳಿಸಿದೆ. ನಿಮ್ಮ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಮಕ್ಕಳ ಸುರಕ್ಷತೆಗೆ ಶಾಲೆಗಳಲ್ಲಿ ಸಖಿ ಸಾವಿತ್ರಿ ಸಮಿತಿ ಇರಬೇಕು ಅಂತ ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಪಿಟಿಎಯಲ್ಲಿ, ಅಂದರೆ ಪಾಲಕ-ಶಿಕ್ಷಕರ ಸಂಘದಲ್ಲಿ, ನಿಮ್ಮ ಕ್ಲಾಸಿನ ಪ್ರತಿನಿಧಿ ಇರುತ್ತಾರೆ, ಅವರಿಗೂ ತಿಳಿಸಿ. ಅದಕ್ಕೂ ಮೇಲೆ ಶಿಕ್ಷಣಾಧಿಕಾರಿ ಕಚೇರಿ ಇದೆ, ರಾಜ್ಯ ಬಾಲ ಹಕ್ಕು ಸಂರಕ್ಷಣಾ ಆಯೋಗ ಇದೆ.

ನಮ್ಮ ವಿಷಯದಲ್ಲಿ ಮೊದಲ ಟೀಚರ್ "ಹುಡುಗರು ಹಾಗೇ" ಅಂದರು. ಪತ್ರ ಹೋದ ಮೇಲೆ ಸೂಪರ್‌ವೈಸರ್ ಕರೆದು ಕೂರಿಸಿ ಕೇಳಿದರು. ಎರಡನೇ ಮಹಡಿಯಲ್ಲಿ ಒಬ್ಬ ಮೌಶಿಯನ್ನು (ಶಾಲೆಯ ಆಯಾ) ನಿಲ್ಲಿಸಿದರು. ಅರ್ಧ ಸಮಸ್ಯೆ ಆ ಮೌಶಿಯಿಂದಲೇ ಹೋಯಿತು.

ಟೀಚರೇ ಅವಮಾನ ಮಾಡಿದರೆ?

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಕ್ಲಾಸಿನ ಮುಂದೆ ಉಚ್ಚಾರಣೆ ಅಣಕಿಸಿ ನಗಿಸುವ ಟೀಚರ್, ಮಕ್ಕಳಿಗೆ ನೀವೂ ನಗಬಹುದು ಅಂತ ಹೇಳಿಕೊಟ್ಟ ಹಾಗೆ. ಇದರಲ್ಲಿ ಕ್ಲಾಸ್ ಟೀಚರ್ ಹಂತ ಬಿಟ್ಟು ನೇರ ಪ್ರಿನ್ಸಿಪಾಲರಿಗೆ ಬರೆಯಿರಿ.

ಆ ಹುಡುಗ ನಮ್ಮ ಬಿಲ್ಡಿಂಗಿನವನೇ. ಅವರ ಮನೆಗೇ ಹೋಗಿ ಮಾತಾಡ್ಲಾ?

ಶಾಲೆಯ ವಿಷಯವಾದರೆ ಬೇಡ. ನಾಲ್ಕು ಮಾತಿಗೆ ಅದು ಇಬ್ಬರು ಅಮ್ಮಂದಿರ ಜಗಳವಾಗುತ್ತದೆ, ಆಮೇಲೆ ಸೊಸೈಟಿಯ ಜಗಳ, ಆಮೇಲೆ ನೀವು ಹೊರಗಿನವರು ಅನ್ನುವ ಮಾತು. ಶಾಲೆಯ ಮೂಲಕವೇ ಹೋಗಿ. ಆ ಮಗುವನ್ನು ಲಿಫ್ಟಿನಲ್ಲಿ ಹಿಡಿದು ಹೆದರಿಸುವುದಂತೂ ಬೇಡವೇ ಬೇಡ. ಕೆಳಗೆ ಆಡುವಾಗಿನ ಸಣ್ಣ ವಿಷಯವಾದರೆ, ಮೊದಲಿಂದ ಸಲಿಗೆ ಇದ್ದರೆ, ಚಹಾಕ್ಕೆ ಕರೆದು "ನಿಮ್ಮ ಸಹಾಯ ಬೇಕು" ಅಂತ ಶುರು ಮಾಡಬಹುದು.

ವ್ಯಾನಿನಲ್ಲಾದರೆ ವ್ಯಾನ್ ಅಂಕಲ್‌ಗೆ ಹೇಳಿ ಮುಂದಿನ ಸೀಟು ಕೊಡಿಸಿ. ಟ್ಯೂಷನ್ ಆದರೆ ಬ್ಯಾಚ್ ಬದಲಿಸಿ. ಇವು ಬೇಗ ಬಗೆಹರಿಯುವಂಥವು.

ವಾಟ್ಸಾಪ್ ಗ್ರೂಪಿನಲ್ಲಿ ಮಗಳ ಫೋಟೋ ಕೆಡಿಸಿ ಹಾಕಿದ್ದಾರೆ.

ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್, ರಿಪೋರ್ಟ್. ಸಿಟ್ಟಿನಲ್ಲಿ ಮಗಳ ಫೋನ್ ಕಿತ್ತುಕೊಳ್ಳಬೇಡಿ. ಫೋನ್ ಹೋಗುತ್ತದೆ ಅನ್ನುವ ಭಯಕ್ಕೇ ಮಕ್ಕಳು ಇಂಥದ್ದನ್ನು ಮುಚ್ಚಿಡುತ್ತಾರೆ. ಇನ್‌ಸ್ಟಾಗ್ರಾಂಗೆ ಕನಿಷ್ಠ ವಯಸ್ಸು 13. ಅದಕ್ಕಿಂತ ಚಿಕ್ಕ ಮಗುವಿಗೆ ಅಕೌಂಟ್ ಇದ್ದರೆ ಆ ಮಾತು ಆಮೇಲೆ ಆಡೋಣ, ಇವತ್ತು ಬೇಡ.

ಚಿತ್ರ ನಗ್ನವಾಗಿದ್ದರೆ, ಅಥವಾ ಯಾರಾದರೂ ಖಾಸಗಿ ಅಂಗ ಮುಟ್ಟಿದ್ದರೆ, ಅದು ಬರೀ ಕಾಟವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಅಡಿಯಲ್ಲಿ ಅಪರಾಧ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅಂಥ ಚಿತ್ರವನ್ನು ಸಾಕ್ಷಿಗೆಂದು ಸಹ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಫೋನನ್ನೇ ತೆಗೆದುಕೊಂಡು ಹೋಗಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೆ ಬೇರೆ ವಿಭಾಗವೇ ಇದೆ.

ನನ್ನ ಮಗನೇ ಕಾಟ ಕೊಡ್ತಾನೆ ಅಂತ ಶಾಲೆಯಿಂದ ಕರೆ ಬಂತು. ನಂಬೋಕೆ ಆಗ್ತಿಲ್ಲ.

ಈ ಪ್ರಶ್ನೆ ಕೇಳಿದ ಅಪ್ಪ-ಅಮ್ಮನ ಮೇಲೆ ನನಗೆ ದೊಡ್ಡ ಗೌರವ. ಕೇಳುವುದೇ ಕಷ್ಟ. "ನಮ್ಮ ಮಗ ಹಾಗಲ್ಲ" ಅಂತ ಫೋನಿನಲ್ಲೇ ವಾದ ಮಾಡಬೇಡಿ. ಮನೆಗೆ ಬಂದವನಿಗೆ ಬೆಲ್ಟ್ ತೆಗೆಯಬೇಡಿ. ದೊಡ್ಡವನು ಚಿಕ್ಕವನನ್ನು ಹೊಡೆಯಬಹುದು ಅನ್ನುವುದನ್ನೇ ಅವನು ಶಾಲೆಯಲ್ಲಿ ಮಾಡಿರುವುದು.

ಏನು ಮಾಡಿದೆ ಅಂತ ಕೇಳಿ, ಪೂರ್ತಿ ಕೇಳಿ. ಇದು ನಡೆಯುವುದಿಲ್ಲ ಅಂತ ಮೆಲ್ಲಗೆ, ಗಟ್ಟಿಯಾಗಿ ಹೇಳಿ. ಹರಿದ ಪುಸ್ತಕಕ್ಕೆ ಅವನ ಪಾಕೆಟ್ ಮನಿಯಿಂದ ಹೊಸದು ಕೊಡಿಸಿ. ಆಮೇಲೆ ಮನೆಯ ಕಡೆ ನೋಡಿ. ನಾವು ಊಟಕ್ಕೆ ಕೂತು ಯಾರ ಜಾತಿ, ಬಣ್ಣ, ದಪ್ಪ ಹಿಡಿದು ಆಡಿಕೊಂಡು ನಗುತ್ತೇವೆ? ಅವನನ್ನು ಬೇರೆ ಯಾರಾದರೂ, ಟ್ಯೂಷನ್ನಿನಲ್ಲೋ ಮನೆಯಲ್ಲೇ ಅಣ್ಣನೋ, ಗೋಳು ಹೊಯ್ದುಕೊಳ್ಳುತ್ತಿದ್ದಾರಾ? ನನ್ನ ಮಗನನ್ನು ಬಕ್ರಿ ಅಂದ ಮೊದಲ ಹುಡುಗನಿಗೆ ಹಿಂದಿನ ವರ್ಷ ಇಡೀ ಕ್ಲಾಸು ಬೇರೆ ಒಂದು ಹೆಸರಿಟ್ಟಿತ್ತು. ಅದು ನನಗೆ ಬಹಳ ತಡವಾಗಿ ತಿಳಿಯಿತು.

ಶಾಲೆ ಬದಲಿಸೋಣ್ವಾ?

ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ತೆಗೆದುಕೊಳ್ಳುವುದು ಕೊನೆಯ ಹೆಜ್ಜೆ. ಪತ್ರ ಕೊಟ್ಟು, ಮೇಲಿನವರೆಗೆ ಹೋಗಿ, ಆದರೂ ಶಾಲೆ ಕಿವುಡಾಗಿದ್ದರೆ ಬದಲಿಸಿ, ಅದು ಸೋಲಲ್ಲ. ಆದರೆ ಮಗುವಿಗೆ ಬದಲಾವಣೆ ಬೇಕಾ ಅಂತ ಕೇಳಿ. ಕೆಲವರಿಗೆ ಅಲ್ಲೇ ಇರುವ ಒಬ್ಬ ಗೆಳೆಯ ಎಲ್ಲಕ್ಕಿಂತ ಮುಖ್ಯ.

ಡಾಕ್ಟರ ಹತ್ರ ಯಾವಾಗ ಹೋಗ್ಬೇಕು?

ನಿದ್ದೆ, ಊಟ ಎರಡೂ ಕೆಟ್ಟು ವಾರಗಳಾದರೆ, ಶಾಲೆಗೆ ಹೋಗುವುದೇ ನಿಂತರೆ, ಕೈ ಕುಯ್ದುಕೊಂಡ ಗುರುತು ಕಂಡರೆ, "ನಾನಿಲ್ದಿದ್ರೇ ಚೆನ್ನಾಗಿತ್ತು" ಅನ್ನುವ ಮಾತು ಬಂದರೆ ಅವತ್ತೇ ಹೋಗಿ. ಸುಮ್ನೆ ಹೇಳುತ್ತಾನೆ ಅಂದುಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ. ಕೆಇಎಂ, ಸಯನ್, ನಾಯರ್‌ನಂಥ ಮುನ್ಸಿಪಲ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ, ಖರ್ಚು ಕಡಿಮೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮಕ್ಕಳ ಸಹಾಯವಾಣಿ 1098 ಶುರುವಾದದ್ದು 1996ರಲ್ಲಿ, ನಮ್ಮ ಮುಂಬಯಿಯಲ್ಲೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿಂದ. ಈಗ ದೇಶಕ್ಕೆಲ್ಲ ಇದೆ. ಹತ್ತು, ಒಂಬತ್ತು, ಎಂಟು ಅಂತ ಹೇಳಿಕೊಟ್ಟರೆ ಮಕ್ಕಳಿಗೆ ಮರೆಯುವುದಿಲ್ಲ. ಮಗು ತಾನೇ ಫೋನ್ ಮಾಡಬಹುದು.

ನನ್ನ ಮಗಳಿಗೆ ಏನೂ ಆಗಿಲ್ಲ. ಆದ್ರೆ ಕ್ಲಾಸಲ್ಲಿ ಬೇರೆ ಹುಡುಗಿಗೆ ಆಗೋದನ್ನ ನೋಡ್ತಾಳೆ. ಅವಳಿಗೆ ಏನು ಹೇಳ್ಲಿ?

ಜಗಳಕ್ಕೆ ಇಳಿಯಬೇಕಿಲ್ಲ. ನಗುವವರ ಜೊತೆ ನಗದೇ ಇರುವುದು, ಆ ಹುಡುಗಿಯ ಹೆಸರು ಹಿಡಿದು ಕರೆಯುವುದು, ಟೀಚರ್ ಒಬ್ಬರೇ ಇದ್ದಾಗ ಹೋಗಿ ಹೇಳುವುದು, ಡಬ್ಬಾ ತಿನ್ನುವಾಗ ಪಕ್ಕದಲ್ಲಿ ಕೂರುವುದು. ಮೇ ಮೇ ಕೂಗು ನಡೆಯುತ್ತಿದ್ದಾಗಲೇ ಒಬ್ಬ ಹುಡುಗ ನನ್ನ ಮಗನ ಬೆಂಚಿಗೆ ಬಂದು ಕೂತ. ಹೆಚ್ಚು ಮಾತಾಡುವವನೂ ಅಲ್ಲ. ತನ್ನ ಪೋಹೆಯ ಡಬ್ಬಾ ನಡುವೆ ಇಟ್ಟ, ಇವನ ದೋಸೆ ಒಂದು ತುಂಡು ತೆಗೆದುಕೊಂಡ. ಈಗ ಇಬ್ಬರೂ ಎಂಟನೇ ಕ್ಲಾಸು. ಅಷ್ಟಮಿಯ ಮರುದಿನ ನಾಲ್ಕು ಕಡುಬು ಜಾಸ್ತಿ ಹಾಕಿ ಕೊಡಬೇಕು, ಎಲೆ ಸಮೇತ.